1894ರ ಡಿಸೆಂಬರ್: ಹಳೆಯ ತಿಂಗಳೊಂದರ ಪುಟವನ್ನು ಕಟ್ಟುವ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಯಾವುದಾದರೂ ಒಂದು ತಿಂಗಳನ್ನು ಆರಿಸಿಕೊಂಡು, ಆಗ ಲೋಕದಲ್ಲಿ ಏನೇನು ನಡೆಯಿತು, ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಂಬುದನ್ನು ಒಂದೆರಡು ಪುಟಗಳಲ್ಲಿ ಹೇಳುವ ಕೆಲಸ ಮೇಲುನೋಟಕ್ಕೆ ಸುಲಭವಾಗಿ ಕಾಣುತ್ತದೆ. ದಿನಾಂಕಗಳನ್ನು ಹೆಕ್ಕಿ ಒಂದರ ಕೆಳಗೊಂದು ಬರೆದರೆ ಪುಟ ತುಂಬುತ್ತದೆ, ನಿಜ. ಆದರೆ ಆ ದಿನಾಂಕ ಯಾರ ಪಂಚಾಂಗದ್ದು, ಯಾವ ಊರಿನ ಗಡಿಯಾರದ್ದು ಎಂದು ಕೇಳದೆ ಬರೆದ ಪುಟವನ್ನು ನೆಚ್ಚಿಕೊಳ್ಳುವಂತಿಲ್ಲ. ಇಲ್ಲಿ 1894ರ ಡಿಸೆಂಬರ್ ತಿಂಗಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಇಂಥ ಕೆಲಸದಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಒಂದೇ ತಿಂಗಳಿನಲ್ಲಿ ಸಿಗುತ್ತವೆ. ಮೈಸೂರು ಸಂಸ್ಥಾನ ತನ್ನ ಅರಸರನ್ನು ಕಳೆದುಕೊಂಡದ್ದೂ ಇದೇ ತಿಂಗಳಲ್ಲಿ.

ಮೊದಲು ತಿಂಗಳ ಚೌಕಟ್ಟನ್ನು ಹಾಕಿಕೊಳ್ಳಬೇಕು. 1894ರ ಡಿಸೆಂಬರ್ 1 ಶನಿವಾರ. ಇದೊಂದನ್ನು ಖಚಿತಪಡಿಸಿಕೊಂಡರೆ ಉಳಿದ ಮೂವತ್ತು ದಿನಗಳ ವಾರಗಳು ತಾವಾಗಿಯೇ ಕೂಡಿಬರುತ್ತವೆ, ಮತ್ತು ಹಳೆಯ ಬರಹವೊಂದು 'ಶುಕ್ರವಾರ' ಎಂದಾಗ ಅದು ಹೇಳುವ ತಾರೀಖಿಗೆ ತಾಳೆಯಾಗುತ್ತದೆಯೇ ಎಂದು ಆ ಕ್ಷಣವೇ ನೋಡಬಹುದು. ನಮ್ಮ ಕಡೆಯ ಕಾಗದಪತ್ರಗಳನ್ನೂ ಓದಬೇಕಾಗಿ ಬಂದರೆ ಸಂವತ್ಸರವೂ ಕೈಯಲ್ಲಿರಲಿ: ಆಗ ನಡೆಯುತ್ತಿದ್ದದ್ದು ಶಾಲಿವಾಹನ ಶಕ 1816, ಜಯ ಸಂವತ್ಸರ. ಅರವತ್ತು ವರ್ಷಗಳ ಚಕ್ರದಲ್ಲಿ ಇದೇ ಹೆಸರು 1954ರಲ್ಲಿಯೂ 2014ರಲ್ಲಿಯೂ ಮರಳಿ ಬಂದಿರುವುದರಿಂದ, ಶಕವರ್ಷವನ್ನು ಬಿಟ್ಟು ಬರಿಯ ಸಂವತ್ಸರದ ಹೆಸರನ್ನು ನೆಚ್ಚಿ ಕಾಲವನ್ನು ನಿರ್ಧರಿಸಬಾರದು.

ಎರಡನೆಯ ಹೆಜ್ಜೆಯೇ ಎಲ್ಲಕ್ಕಿಂತ ಎಚ್ಚರ ಬೇಡುವಂಥದ್ದು. ರಷ್ಯಾ ದೇಶವು 1918ರವರೆಗೂ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿತ್ತು. ಗಣಿತಜ್ಞ ಪಫ್ನುತಿ ಚೆಬಿಶೇವ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡಾಗ ಆ ಊರಿನ ಪಂಚಾಂಗದ ಪ್ರಕಾರ ಅಂದು ನವೆಂಬರ್ 26. ಪ್ಯಾರಿಸ್ಸಿನಲ್ಲಿ, ಲಂಡನ್ನಿನಲ್ಲಿ, ಬೆಂಗಳೂರಿನಲ್ಲಿ ಅದೇ ದಿನ ಡಿಸೆಂಬರ್ 8. ಹೀಗಾಗಿ ಅವರು ನಮ್ಮ ಪುಟದಲ್ಲಿ ಇರಬೇಕೋ ಬೇಡವೋ ಎಂಬುದೇ ನಾವು ಯಾವ ಪಂಚಾಂಗವನ್ನು ಹಿಡಿದಿದ್ದೇವೆ ಎಂಬುದರ ಮೇಲೆ ನಿಂತಿದೆ. ಇಡೀ ಪುಟಕ್ಕೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಗ್ರೆಗೋರಿಯನ್ ಪಂಚಾಂಗವೊಂದನ್ನೇ ಹಿಡಿದು, ಹಳೆಯ ತಾರೀಖನ್ನು ಪಕ್ಕದಲ್ಲಿ ನಮೂದಿಸುವುದು ನ್ಯಾಯವಾದ ಕ್ರಮ. ಲೆಕ್ಕ ಹಾಕುವಾಗ ಇನ್ನೊಂದು ಮಾತು ನೆನಪಿರಲಿ. ಎರಡು ಪಂಚಾಂಗಗಳ ನಡುವಿನ ಅಂತರ ಇಪ್ಪತ್ತನೆಯ ಶತಮಾನದಲ್ಲಿ 13 ದಿನ, ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ 12 ದಿನ ಮಾತ್ರ. ರಷ್ಯಾದ ಕ್ರಾಂತಿಯ ಕಥೆಯನ್ನು ಓದಿದವರಿಗೆ 13 ಎಂಬ ಸಂಖ್ಯೆಯೇ ಬಾಯಿಗೆ ಬರುವುದರಿಂದ ಚೆಬಿಶೇವ್ ಡಿಸೆಂಬರ್ 9ಕ್ಕೆ ಸರಿದುಬಿಡುವುದು ಬಹಳ ಸುಲಭ.

ಇಂಥ ವ್ಯಕ್ತಿಯ ಬಗ್ಗೆ 'ಪ್ರಸಿದ್ಧ ಗಣಿತಜ್ಞ' ಎಂದಷ್ಟೇ ಬರೆದು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣಸಂಖ್ಯೆಯನ್ನೇ ತೆಗೆದುಕೊಂಡರೂ, ಅದಕ್ಕೂ ಅದರ ಇಮ್ಮಡಿಗೂ ನಡುವೆ ಅವಿಭಾಜ್ಯ ಸಂಖ್ಯೆಯೊಂದು ಇದ್ದೇ ಇರುತ್ತದೆ ಎಂಬುದನ್ನು ಮೊದಲು ಸಾಧಿಸಿ ತೋರಿಸಿದವರು ಅವರು. ಅದೇ ಮಾತಿಗೆ ಇನ್ನೂ ಸರಳವಾದ ರುಜುವಾತನ್ನು 1919ರಲ್ಲಿ ಕೊಟ್ಟವರು ಶ್ರೀನಿವಾಸ ರಾಮಾನುಜನ್. ಇಷ್ಟು ಹೇಳಿದರೆ ಓದುಗನಿಗೆ ಆ ಹೆಸರು ಆ ಪುಟದಲ್ಲಿ ಏಕಿದೆ ಎಂಬುದು ತಿಳಿಯುತ್ತದೆ.

ಪಂಚಾಂಗದ ನಂತರ ಗಡಿಯಾರ. ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ, ವೈಲಿಮಾ ಎಂಬಲ್ಲಿದ್ದ ತಮ್ಮ ಮನೆಯಲ್ಲಿ, ಡಿಸೆಂಬರ್ 3ರ ರಾತ್ರಿ 44ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಹಿಂದೆ, 1892ರಲ್ಲಿ, ಸಮೋವಾ ಅಮೆರಿಕದ ದಿನಗಣನೆಗೆ ಹೊಂದಿಕೊಳ್ಳಲೆಂದು ಜುಲೈ 4ನ್ನು ಎರಡು ಸಲ ಆಚರಿಸಿ ದಿನರೇಖೆಯ ಇನ್ನೊಂದು ಬದಿಗೆ ಸೇರಿಕೊಂಡಿತ್ತು. ಆದ್ದರಿಂದ ವೈಲಿಮಾದಲ್ಲಿ 3ನೆಯ ತಾರೀಖಿನ ರಾತ್ರಿಯಾಗಿದ್ದಾಗ ಲಂಡನ್ನಿನಲ್ಲಿ 4ರ ಬೆಳಗು. ಘಟನೆ ನಡೆದ ಸ್ಥಳದ ತಾರೀಖೇ ನಮೂದಿನ ತಾರೀಖು ಎಂಬ ನಿಯಮವನ್ನು ಇಟ್ಟುಕೊಂಡು, ಅದನ್ನು ಎಲ್ಲಿಯೂ ಸಡಿಲಿಸದಿದ್ದರೆ ಈ ಗೊಂದಲ ಕಾಡುವುದಿಲ್ಲ.

ಸುದ್ದಿಯ ದಿನ ಬೇರೆ, ಘಟನೆಯ ದಿನ ಬೇರೆ ಎಂಬುದನ್ನೂ ನೋಡಬೇಕು. ಸಮೋವಾಕ್ಕೆ ಆಗ ತಂತಿ ಇರಲಿಲ್ಲವಾದ್ದರಿಂದ ಸ್ಟೀವನ್‌ಸನ್ ಅವರ ಸಾವಿನ ಸುದ್ದಿ ಹಡಗು ಹತ್ತಿಯೇ ಹೊರಜಗತ್ತಿಗೆ ಹೋಗಬೇಕಿತ್ತು. ಇನ್ನೂ ಗಂಭೀರವಾದ ನಿದರ್ಶನವೆಂದರೆ ಚೀನಾ ಮತ್ತು ಜಪಾನ್ ನಡುವಿನ ಯುದ್ಧ. ಜಪಾನಿ ಸೇನೆ ಪೋರ್ಟ್ ಆರ್ಥರನ್ನು ಹಿಡಿದದ್ದು, ಅಲ್ಲಿ ಜನರನ್ನು ಕೊಂದದ್ದು ನವೆಂಬರ್ 21ರಿಂದ ಮುಂದಿನ ಕೆಲವು ದಿನಗಳಲ್ಲಿ. ಪತ್ರಕರ್ತ ಜೇಮ್ಸ್ ಕ್ರೀಲ್‌ಮನ್ ಕಳಿಸಿದ ವರದಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾದದ್ದು ಡಿಸೆಂಬರ್ 12ರಂದು. ಹತ್ಯೆ ಡಿಸೆಂಬರಿನದಲ್ಲ ಎಂದು ಅದನ್ನು ಪೂರ್ತಿ ಬಿಟ್ಟರೆ, ಲೋಕವು ಆ ತಿಂಗಳಲ್ಲಿ ಓದಿ ತಲ್ಲಣಿಸಿದ ಸಂಗತಿಯೇ ಪುಟದಿಂದ ಮಾಯವಾಗುತ್ತದೆ. 'ಕಳೆದ ತಿಂಗಳ ಹತ್ಯೆಯ ವರದಿ ಇಂದು ಪ್ರಕಟವಾಯಿತು' ಎಂದು ಎರಡೂ ದಿನಗಳನ್ನು ಕೊಟ್ಟು ಬರೆಯುವುದೇ ಸರಿಯಾದ ದಾರಿ.

ಘಟನೆಗಳನ್ನು ಆರಿಸುವಾಗ, ಆ ದಿನ ಎಷ್ಟು ಸದ್ದಾಯಿತು ಎಂಬುದಕ್ಕಿಂತ ಆಮೇಲೆ ಎಷ್ಟು ದೂರ ಹರಿಯಿತು ಎಂಬುದನ್ನು ಅಳತೆಯಾಗಿ ಇಟ್ಟುಕೊಳ್ಳಿ. ಡಿಸೆಂಬರ್ 22, ಶನಿವಾರ, ಪ್ಯಾರಿಸ್ಸಿನಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ನಡೆದ ಸೇನಾ ನ್ಯಾಯಾಲಯದ ವಿಚಾರಣೆ ಮುಗಿದು, ಫ್ರೆಂಚ್ ಸೇನೆಯ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ದೇಶದ್ರೋಹಿಯೆಂದು ತೀರ್ಪಾಗಿ, ಅವರಿಗೆ ಜೀವಾವಧಿ ಗಡಿಪಾರಿನ ಶಿಕ್ಷೆ ವಿಧಿಸಲಾಯಿತು. ಅವರ ಪರವಾಗಿ ಕಾದಂಬರಿಕಾರ ಎಮಿಲ್ ಜೋಲಾ ಅವರ ಬಹಿರಂಗ ಪತ್ರ ಬರಲು 1898ರ ಜನವರಿಯವರೆಗೆ, ಡ್ರೇಫಸ್ ನಿರ್ದೋಷಿಯೆಂದು ನ್ಯಾಯಾಲಯ ಸಾರಲು 1906ರ ಜುಲೈವರೆಗೆ ಕಾಯಬೇಕಾಯಿತು. ಇಂಥ ಕಡೆ ಕ್ರಿಯಾಪದವನ್ನು ತೂಗಿ ಬರೆಯಬೇಕು. 'ದೇಶದ್ರೋಹ ಎಸಗಿದ ಡ್ರೇಫಸ್' ಎಂದರೆ ಅದು ಸುಳ್ಳು. 'ದೇಶದ್ರೋಹಿಯೆಂದು ತೀರ್ಪಿತ್ತರು' ಎಂದರೆ ನಿಜ. ಎರಡು ಪದಗಳ ಅಂತರದಲ್ಲಿ ಒಬ್ಬ ಮನುಷ್ಯನ ಮಾನವಿದೆ. ಅದೇ ದಿನ, ಅದೇ ಊರಿನಲ್ಲಿ, ಸಂಗೀತ ರಚನಕಾರ ಕ್ಲೋದ್ ದೆಬುಸಿ ಅವರ 'ಫಾನ್' ಪೀಠಿಕೆ ಎಂಬ ವಾದ್ಯವೃಂದ ಕೃತಿಯ ಮೊದಲ ಪ್ರದರ್ಶನವಾಯಿತು. ಕೇಳಿದವರು ಅದನ್ನು ಮತ್ತೊಮ್ಮೆ ನುಡಿಸುವಂತೆ ಮಾಡಿದರು. ಎರಡನ್ನೂ ಒಂದೇ ತಾರೀಖಿನ ಕೆಳಗೆ ಇಡಿ, ಆದರೆ ಅವುಗಳ ನಡುವೆ ಇಲ್ಲದ ನಂಟನ್ನು ಹೊಸೆಯಬೇಡಿ.

ಜನನಗಳ ವಿಷಯ ಬೇರೆ. ಹುಟ್ಟಿದ ದಿನ ಯಾರೂ ಸುದ್ದಿಯಲ್ಲ; ಆ ನಮೂದುಗಳೆಲ್ಲ ಹಿಂದಿರುಗಿ ನೋಡಿ ಬರೆದವು. ಚೆಬಿಶೇವ್ ತೀರಿಕೊಂಡ ಡಿಸೆಂಬರ್ 8ರಂದೇ ಅಮೆರಿಕದ ಓಹಾಯೋದಲ್ಲಿ ಹಾಸ್ಯಲೇಖಕ ಜೇಮ್ಸ್ ಥರ್ಬರ್, ಇಲಿನಾಯ್‌ನಲ್ಲಿ ಪಾಪಾಯ್ ಪಾತ್ರವನ್ನು ಸೃಷ್ಟಿಸಿದ ಎಲ್ಜಿ ಸೀಗರ್, ಪೋರ್ಚುಗಲ್‌ನಲ್ಲಿ ಕವಯಿತ್ರಿ ಫ್ಲೋರ್ಬೆಲಾ ಎಸ್ಪಾಂಕಾ ಹುಟ್ಟಿದರು. ಎಸ್ಪಾಂಕಾ ತೀರಿಕೊಂಡದ್ದು 1930ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ. ಪ್ರತಿ ಹೆಸರಿಗೂ ಊರು ಮತ್ತು ಮುಂದೆ ಮಾಡಿದ ಒಂದು ಕೆಲಸ ಇದ್ದರೆ ಸಾಕು.

ಸಾವುಗಳಲ್ಲಿ ವ್ಯಕ್ತಿಯ ದೇಶವನ್ನೂ ತೀರಿಕೊಂಡ ಸ್ಥಳವನ್ನೂ ಬೆರೆಸಬಾರದು. ಕೆನಡಾದ ಪ್ರಧಾನಿ ಜಾನ್ ಥಾಂಪ್ಸನ್ ಡಿಸೆಂಬರ್ 12ರಂದು ಕುಸಿದು ಪ್ರಾಣಬಿಟ್ಟದ್ದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ. ಸೂಯೆಜ್ ಕಾಲುವೆಯನ್ನು ತೋಡಿಸಿದ ಫರ್ಡಿನಾಂಡ್ ದ ಲೆಸೆಪ್ಸ್ 7ರಂದು, ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ 29ರಂದು ತೀರಿಕೊಂಡರು. ಲೆಸೆಪ್ಸ್ ಅವರ ನಮೂದಿನಲ್ಲಿ ಸೂಯೆಜ್‌ನ ಯಶಸ್ಸಿನ ಜೊತೆಗೆ, ಪನಾಮಾದಲ್ಲಿ ಕಾಲುವೆ ತೋಡಲು ಹೋಗಿ ಕೈಸೋತ ದುರಂತವೂ ಇರಲಿ.

ರೊಸೆಟ್ಟಿ ಅವರ ಹಿಂದಿನ ದಿನ, 28, ಶುಕ್ರವಾರ, ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ (ಡಿಫ್ತೀರಿಯಾ) ತೀರಿಕೊಂಡರು. ವಯಸ್ಸು 31. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ 1881ರಲ್ಲಿ ರಾಜ್ಯವನ್ನು ಮರಳಿ ಪಡೆದವರು, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಆರಂಭವಾದದ್ದು ಅವರ ಕಾಲದಲ್ಲಿ. ಲೋಕದ ಪುಟದಲ್ಲಿ ಇದನ್ನು ನಮ್ಮವರೆಂಬ ಕಾರಣಕ್ಕೆ ಮೇಲಕ್ಕೆ ಎತ್ತಿಡಬೇಕಿಲ್ಲ, ಸಂಕೋಚದಿಂದ ಬಿಡಬೇಕಾಗಿಯೂ ಇಲ್ಲ. ತಾರೀಖಿನ ಸಾಲಿನಲ್ಲಿ ತನ್ನ ಜಾಗದಲ್ಲಿ ಇರಲಿ. ಅದೇ ತಿಂಗಳ ಕೊನೆಯ ವಾರದಲ್ಲಿ ಮದರಾಸಿನಲ್ಲಿ ಐರಿಷ್ ಮುಂದಾಳು ಆಲ್ಫ್ರೆಡ್ ವೆಬ್ ಅವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಹತ್ತನೆಯ ಅಧಿವೇಶನ ಸೇರಿತ್ತು ಎಂಬುದೂ ಅಲ್ಲಿಯೇ ಬರುತ್ತದೆ.

ಕೊನೆಗೆ ತಿಂಗಳ ಗಡಿಯಾಚೆ ಹರಿದ ಸಂಗತಿಗಳನ್ನು ನೋಡಿ. ಡ್ರೇಫಸ್ ಅವರ ಸೇನಾಲಾಂಛನಗಳನ್ನು ಸಾರ್ವಜನಿಕವಾಗಿ ಕಿತ್ತದ್ದು 1895ರ ಜನವರಿ 5ರಂದು. ಹತ್ತು ವರ್ಷದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದ್ದು ಫೆಬ್ರವರಿ 1ರಂದು. ತಾಯಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಇವನ್ನು ಆಯಾ ನಮೂದಿನ ಬಾಲದಲ್ಲಿ ಒಂದು ವಾಕ್ಯವಾಗಿ ಸೇರಿಸಿ, ಡಿಸೆಂಬರ್ 31ರ ಕೆಳಗೆ ಗೆರೆ ಎಳೆಯಿರಿ.