ಸೋಯಾ ಬೀಜಕ್ಕೆ ಪೆಟ್ಟು ಬೀಳದಂತೆ ನಾನು ಮಾಡಿಕೊಂಡ ವ್ಯವಸ್ಥೆ

ಜೂನ್ ಬಂತೆಂದರೆ ನಮ್ಮ ಬೀದರ್ ಜಿಲ್ಲೆಯಲ್ಲಿ ಸೋಯಾ ಬೀಜದ ಚೀಲಕ್ಕೆ ರೈತ ಸಂಪರ್ಕ ಕೇಂದ್ರಗಳ ಮುಂದೆ ಪಾಳಿ ಹತ್ತುತ್ತದೆ. ಸೋಯಾ ಹೈಬ್ರಿಡ್ ಬೆಳೆಯಲ್ಲ. ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಒಮ್ಮೆ ಒಳ್ಳೆಯ ಬೀಜ ತಂದರೆ ಎರಡು ಮೂರು ವರ್ಷ ಮನೆಯ ಬೀಜವನ್ನೇ ಬಿತ್ತಲು ಅಡ್ಡಿಯಿಲ್ಲ. ಆದರೆ ಮನೆಯ ಬೀಜ ಮೊಳೆಯುವುದಿಲ್ಲ ಎಂಬುದು ಎಲ್ಲರ ದೂರು. ಹುಳು, ಸೆಕೆ, ಬೂಷ್ಟು ಎಂದು ಒಂದೊಂದು ಕಾರಣ ಹೇಳುತ್ತಾರೆ. ನಾನು ಕಂಡಂತೆ ಹಾಳು ಶುರುವಾಗುವುದು ರಾಶಿಯ ದಿನವೇ, ಅಂದರೆ ಕಾಯಿ ಬಡಿದು ಕಾಳು ಬಿಡಿಸುವ ದಿನವೇ. ಹುಳು, ಬೂಷ್ಟು ಎಲ್ಲ ಆಮೇಲೆ ಬರುವ ನೆಂಟರು.

ಸೋಯಾ ಕಾಳಿನ ಸಿಪ್ಪೆ ಬಹಳ ತೆಳು. ಕಾಳಿನ ಕಣ್ಣಿನ ಪಕ್ಕದಲ್ಲೇ, ಸಿಪ್ಪೆಗೆ ಅಂಟಿಕೊಂಡಂತೆ, ಬೇರಿನ ಮೊಳಕೆ ಮಲಗಿರುತ್ತದೆ. ಪೆಟ್ಟು ಅಲ್ಲಿಗೆ ಬಿದ್ದರೆ ಹೊರಗಿನಿಂದ ಕಾಳು ದುಂಡಗೇ ಕಂಡರೂ ಒಳಗೆ ಮುಗಿದುಹೋಗಿರುತ್ತದೆ. ಒಡೆದು ಬೇಳೆಯಾದದ್ದರ ಚಿಂತೆಯಿಲ್ಲ, ಜರಡಿಯಲ್ಲಿ ಹೋಗುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟ ಕಾಳೇ ಮೋಸ ಮಾಡುವುದು. ಅಕ್ಟೋಬರ್‌ನಿಂದ ಜೂನ್‌ವರೆಗೆ ಅದು ಚೀಲದಲ್ಲಿ ಕುಳಿತು ಬಿರುಕಿನಿಂದ ತೇವ ಎಳೆದುಕೊಳ್ಳುತ್ತದೆ, ಬೂಷ್ಟಿಗೆ ದಾರಿ ಕೊಡುತ್ತದೆ. ಬಿತ್ತಿದಾಗ ನೀರು ಒಮ್ಮೆಲೇ ಒಳನುಗ್ಗಿ ಕಾಳು ಕೊಳೆಯುತ್ತದೆ. ಕೆಲವು ಮೇಲೆ ಬಂದರೂ ಕುಡಿಯೇ ಇಲ್ಲದ ಬೋಳು ಸಸಿಗಳು.

ಹಾಗಾಗಿ ಬೀಜಕ್ಕೆಂದು ಬಿಟ್ಟ ಹೊಲದ ರಾಶಿಯನ್ನು ನಾನು ಬೇರೆಯಾಗಿಯೇ ಮಾಡಿಸುತ್ತೇನೆ. ಮೊದಲು ನೋಡುವುದು ತೇವಾಂಶ. 13ರಿಂದ 14 ಶೇಕಡಾ ಇದ್ದಾಗ ಕಾಳು ಪೆಟ್ಟನ್ನು ತಡೆದುಕೊಳ್ಳುತ್ತದೆ. 12ಕ್ಕಿಂತ ಕೆಳಗಿಳಿದರೆ ಸಿಡಿಯುತ್ತದೆ, ಹಸಿ ಹೆಚ್ಚಿದ್ದರೆ ಜಜ್ಜಿಹೋಗುತ್ತದೆ. ಮಾಪಕ ಸಿಗದ ದಿನ ಹಲ್ಲೇ ಮಾಪಕ: ಕಚ್ಚಿದಾಗ ಹಲ್ಲಿನ ಗುರುತು ಮೂಡಬೇಕು, ಟಕ್ಕೆಂದು ಒಡೆಯಬಾರದು. ಅಕ್ಟೋಬರ್ ಬಿಸಿಲಿನಲ್ಲಿ ಬೆಳಗಿನ ಬಣವೆಯೇ ಬೇರೆ, ಮಧ್ಯಾಹ್ನದ ಬಣವೆಯೇ ಬೇರೆ. ಹಾಗಾಗಿ ಬೀಜದ ರಾಶಿ ಇಬ್ಬನಿ ಆರಿದ ಮೇಲೆ ಶುರುವಾಗಿ ಬಿಸಿಲು ಏರುವ ಮುಂಚೆ ನಿಲ್ಲುತ್ತದೆ.

ಎರಡನೆಯದು ರಾಶಿ ಯಂತ್ರದ ವೇಗ. ಇಲ್ಲೇ ಜಗಳ. ಯಂತ್ರದವರಿಗೆ ಬಾಡಿಗೆ ಚೀಲದ ಲೆಕ್ಕದಲ್ಲಿ. ಎಷ್ಟು ಜೋರಾಗಿ ಓಡಿಸಿದರೆ ಅಷ್ಟು ಲಾಭ. ಬೀಜಕ್ಕಾದರೆ ಹಲ್ಲುಗಳಿಂದ ಕಾಯಿ ಬಡಿಯುವ ಡ್ರಮ್ ನಿಮಿಷಕ್ಕೆ 350ರಿಂದ 400 ಸುತ್ತಿನೊಳಗೆ ಇರಬೇಕು. "ಕಾಕಾ, ಇಷ್ಟು ನಿಧಾನ ಓಡಿಸಿದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ" ಎಂದು ಹುಡುಗ ಹೇಳಿದ್ದು ಸುಳ್ಳಲ್ಲ. ಹೀಗಾಗಿ ಬೀಜದ ರಾಶಿಗೆ ಚೀಲದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಮಾತಾಡಿದೆ. ಅಂದಿನಿಂದ ವಾದವಿಲ್ಲ. ಎಕ್ಸಲರೇಟರ್ ಇಳಿಸಿದರೆ ಫ್ಯಾನ್ ಕೂಡ ನಿಧಾನವಾಗಿ ಹೊಟ್ಟು ಹಾರುವುದಿಲ್ಲ ಎಂಬ ತೊಡಕಿತ್ತು. ಅದಕ್ಕೆ ಡ್ರಮ್ಮಿನ ಬದಿಗೆ ದೊಡ್ಡ ಪುಲ್ಲಿ ಹಾಕಿಸಿದೆವು. ಡ್ರಮ್ ಮಾತ್ರ ನಿಧಾನವಾಯಿತು, ಫ್ಯಾನಿನ ಗಾಳಿ ಹಾಗೇ ಉಳಿಯಿತು. ಸುತ್ತಿನ ಸಂಖ್ಯೆಯೊಂದನ್ನೇ ನಂಬುವಂತೆಯೂ ಇಲ್ಲ. ಡ್ರಮ್ಮಿನ ಸುತ್ತಳತೆ ದೊಡ್ಡದಾದಷ್ಟೂ ಅದೇ ಸುತ್ತಿಗೆ ಹಲ್ಲಿನ ಪೆಟ್ಟು ಬಿರುಸಾಗುತ್ತದೆ.

ಡ್ರಮ್ಮಿಗೆ ಬೆಳೆ ಒಂದೇ ಸಮನೆ ತುಂಬುತ್ತಿರಬೇಕು. ಖಾಲಿ ಡ್ರಮ್ಮಿನಲ್ಲಿ ಕಬ್ಬಿಣಕ್ಕೂ ಕಾಳಿಗೂ ನಡುವೆ ಹೊಟ್ಟಿನ ಮೆತ್ತೆ ಇರುವುದಿಲ್ಲ. ಒಂದಿಷ್ಟು ಕಾಯಿ ಒಡೆಯದೆ ಹೊರಬಂದರೆ ಬರಲಿ, ಮತ್ತೆ ಯಂತ್ರಕ್ಕೆ ಹಾಕಿಸುವುದಿಲ್ಲ. ಅದನ್ನು ಹೆಣ್ಣುಮಕ್ಕಳು ಕೋಲಿನಿಂದ ಬಡಿದು ತೆಗೆಯುತ್ತಾರೆ. ಬೀಜ ಅರ್ಧ ಎಕರೆಯದ್ದಷ್ಟೇ ಇದ್ದರೆ ಯಂತ್ರವೇ ಬೇಡ, ಕೋಲೇ ಸಾಕು.

ಯಂತ್ರ ಓಡುತ್ತಿರುವಾಗಲೇ ಕಣದಲ್ಲಿ ಒಂದು ಪರೀಕ್ಷೆ ಮಾಡುತ್ತೇನೆ. ಒಂದು ಲೀಟರ್ ನೀರಿಗೆ ಬಟ್ಟೆ ಬಿಳುಪು ಮಾಡುವ ಕ್ಲೋರಿನ್ ದ್ರವ 20 ಮಿಲಿಲೀಟರ್. ಅದರಲ್ಲಿ ನೋಡಲು ಗಟ್ಟಿಯಾಗಿರುವ 100 ಕಾಳು ಹಾಕಿ ಹತ್ತು ನಿಮಿಷ ಬಿಡಬೇಕು. ಬಿರುಕು ಬಿಟ್ಟ ಕಾಳು ನೀರು ಕುಡಿದು ಎರಡು ಪಟ್ಟು ಉಬ್ಬುತ್ತದೆ, ಸಿಪ್ಪೆ ಸುಲಿದುಕೊಂಡು ನಿಲ್ಲುತ್ತದೆ. ಗಟ್ಟಿ ಕಾಳು ಹೆಚ್ಚೆಂದರೆ ಸ್ವಲ್ಪ ಸುಕ್ಕಾಗುತ್ತದೆ. ಉಬ್ಬಿದವು ಹತ್ತು ದಾಟಿದರೆ ಯಂತ್ರ ನಿಲ್ಲಿಸಿ ವೇಗ ಇಳಿಸುತ್ತೇವೆ, ಇಲ್ಲವೇ ಕೆಳಗಿನ ಜಾಲರಿಯ ಸಂದು ಹಿಗ್ಗಿಸುತ್ತೇವೆ. ಯಂತ್ರದ ಹುಡುಗನಿಗೆ ನನ್ನ ಮಾತಿನಲ್ಲಿ ನಂಬಿಕೆ ಬಂದದ್ದು ಈ ಉಬ್ಬಿದ ಕಾಳುಗಳನ್ನು ಅಂಗೈಯಲ್ಲಿಟ್ಟ ಮೇಲೆಯೇ. ಇದೇ ಪರೀಕ್ಷೆಯನ್ನು ಕೊಂಡು ತಂದ ಬೀಜಕ್ಕೂ ಮಾಡಿ ನೋಡಬಹುದು. ನೋಡಿದರೆ ಬೇಸರವಾಗುವುದೂ ಉಂಟು.

ರಾಶಿಯಾದ ಮೇಲೆ ತಾಡಪತ್ರಿಯ ಮೇಲೆ ತೆಳುವಾಗಿ ಒಣಗಿಸಿ ತೇವಾಂಶವನ್ನು 10–12 ಶೇಕಡಾಕ್ಕೆ ತರುತ್ತೇನೆ. ಕಬ್ಬಿಣದ ಸಲಿಕೆಯಿಂದ ಕೆದಕಲು ಬಿಡುವುದಿಲ್ಲ, ಮರದ ಹಲಗೆಯೇ ಆಗಬೇಕು. ಚೀಲಕ್ಕೆ 30 ಕಿಲೋ ಮಾತ್ರ. ಭಾರವಾದ ಚೀಲವನ್ನು ಯಾರೂ ಮೆಲ್ಲಗೆ ಇಳಿಸುವುದಿಲ್ಲ, ಅದು ಮನುಷ್ಯ ಸಹಜ. ಟ್ರ್ಯಾಕ್ಟರ್ ಟ್ರಾಲಿಯಿಂದ ನೆಲಕ್ಕೆ ಎಸೆಯುತ್ತಾರೆ. 30 ಕಿಲೋ ಆದರೆ ಒಬ್ಬನೇ ಎದೆಗವಚಿಕೊಂಡು ಇಳಿಸುತ್ತಾನೆ. ಹಮಾಲರ ಕೊಕ್ಕೆ ಬೀಜದ ಚೀಲಕ್ಕೆ ತಾಗಕೂಡದು. ಕೋಣೆಯಲ್ಲಿ ಮರದ ಹಲಗೆಗಳ ಮೇಲೆ, ಗೋಡೆಯಿಂದ ಸ್ವಲ್ಪ ದೂರ, ಒಂದರ ಮೇಲೊಂದು ನಾಲ್ಕು, ಹೆಚ್ಚೆಂದರೆ ಐದು ಚೀಲ. ಗೊಬ್ಬರದ ಚೀಲಕ್ಕೆ ಆ ಕೋಣೆಯಲ್ಲಿ ಜಾಗವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕಾಳು ಇನ್ನಷ್ಟು ಒಣಗಿ ಗಾಜಿನಂತಾಗಿರುತ್ತದೆ. ಆ ಎರಡು ತಿಂಗಳು ಚೀಲಗಳನ್ನು ಎತ್ತಿ ಇಳಿಸುವುದೇ ಇಲ್ಲ. ಜರಡಿ ಹಿಡಿಯುವುದು, ಆರಿಸುವುದು ಇದ್ದರೆ ಚಳಿಗಾಲದಲ್ಲೇ ಮುಗಿಸಿಬಿಡುತ್ತೇನೆ. ಮೇ ಕೊನೆಯಲ್ಲಿ ಒಂದೊಂದು ಚೀಲದಿಂದ ಹಿಡಿ ಹಿಡಿ ಕಾಳು ತೆಗೆದು, 100 ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತೇನೆ. ವಾರ ಕಳೆದ ಮೇಲೆ ಬೇರು, ಕುಡಿ ಎರಡೂ ನೆಟ್ಟಗಿರುವ ಸಸಿಗಳನ್ನಷ್ಟೇ ಎಣಿಸುವುದು. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮಿತಿ 70. ಅದಕ್ಕಿಂತ ಕಡಿಮೆ ಬಂದ ಚೀಲ ಬಿತ್ತನೆಗಲ್ಲ, ಮಾರುಕಟ್ಟೆಗೆ ಹೋಗುತ್ತದೆ.

ಬೀಜೋಪಚಾರ, ಅಂದರೆ ಬಿತ್ತುವ ಮುನ್ನ ಬೀಜಕ್ಕೆ ಔಷಧ ಸವರುವುದು, ತಾಡಪತ್ರಿಯ ಮೇಲೆ, ಬರಿಗೈಯಿಂದಲ್ಲ, ಕೈಗವಸು ತೊಟ್ಟ ಕೈಯಿಂದ. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಡುವ ರೈಜೋಬಿಯಂ ಸೂಕ್ಷ್ಮಾಣುವನ್ನು ಅಂಟಿಸಲು ಬೇಕಾದಷ್ಟೇ ನೀರು; ಕಾಳು ನೆನೆದರೆ ಸಿಪ್ಪೆ ಎದ್ದುಬರುತ್ತದೆ. ನೆರಳಲ್ಲಿ ಆರಿಸಿ ಅಂದೇ ಬಿತ್ತನೆ. ಟ್ರ್ಯಾಕ್ಟರ್ ಕೂರಿಗೆಯಾದರೆ ಹೊಲಕ್ಕಿಳಿಸುವ ಮುನ್ನ ಅದರ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ, ಕೊಳವೆಗಳಿಂದ ಬೀಳುವ ಕಾಳನ್ನು ತಾಡಪತ್ರಿಯ ಮೇಲೆ ಹಿಡಿದು ನೋಡಿ. ಬೇಳೆ ಕಂಡರೆ ಒಳಗಿನ ರೋಲರ್ ಕಾಳನ್ನು ಅರೆಯುತ್ತಿದೆ ಎಂದರ್ಥ. ಸಂದು ಸಡಿಲಿಸಿಕೊಂಡೇ ಬಿತ್ತಬೇಕು.