ನನ್ನ ಪುಸ್ತಕಗಳ ಮೇಲಿನ ಎರಡು ಹಾವು

ಬಾಗಲಕೋಟೆಯ ನವನಗರದಲ್ಲಿ ಹೆರಿಗೆ ಡಾಕ್ಟರಾಗಿ ಇಪ್ಪತ್ತು ವರ್ಷ ದಾಟಿದೆ. ನನ್ನ ಕಪಾಟಿನ ಪುಸ್ತಕಗಳನ್ನು ಜೂನಿಯರ್‌ಗಳು ಒಯ್ಯುತ್ತಾರೆ. ಕೊಡುವುದು ನನಗೂ ಇಷ್ಟ, ಆದರೆ ತಿರುಗಿ ಬರಬೇಕಲ್ವಾ? ಪೆನ್ನಿನಿಂದ ಹೆಸರು ಬರೆದರೆ ಶಾಯಿ ಹಿಂದಿನ ಹಾಳೆಗೂ ಇಳಿಯುತ್ತದೆ. ಹಾಗಾಗಿ ರಟ್ಟಿನ ಒಳಮೈಗೆ ಅಂಟಿಸುವ, ಚಿತ್ರ ಮತ್ತು ಹೆಸರಿರುವ ಪುಸ್ತಕಚೀಟಿ ಮಾಡಲು ಕೂತೆ.

ಈ ರೂಢಿ ಜರ್ಮನಿಯಲ್ಲಿ 15ನೇ ಶತಮಾನದಿಂದಲೂ ಇದೆ. ಈಗ್ಲರ್ ಎಂಬ ಪಾದ್ರಿಯ ಚೀಟಿಯಲ್ಲಿ ಹೂವು ಕಚ್ಚಿದ ಮುಳ್ಳಿಲಿ ಇದೆ. ಅವರ ಭಾಷೆಯಲ್ಲಿ ಮುಳ್ಳಿಲಿಗೆ 'ಈಗೆಲ್' ಅಂತಾರೆ. ಹೆಸರೇ ಚಿತ್ರವಾಯಿತು.

ವೈದ್ಯರ ಚೀಟಿಗಳಲ್ಲಿ ತಲೆಬುರುಡೆ, ಮರಳು ಗಡಿಯಾರ, ಎಲುಬುಗೂಡು ತುಂಬಾ ಕಾಣುತ್ತವೆ. ಆಯುಷ್ಯ ಜಾರುತ್ತಿದೆ ಅನ್ನುವ ನೆನಪಿಗೆ. ನಾನೂ ಮೊದಲು ಬುರುಡೆಯನ್ನೇ ಬಿಡಿಸಿದೆ. ಅದು ನನ್ನದು ಅನ್ನಿಸಲಿಲ್ಲ. ಬೆಳಗಾದರೆ ನಾನು ನೋಡುವುದು ಆಗಷ್ಟೇ ಹುಟ್ಟಿದ ಕೂಸಿನ ತಲೆ. ಅದರ ನೆತ್ತಿ ಇನ್ನೂ ಮೆತ್ತಗಿರುತ್ತದೆ.

ಆಮೇಲೆ ಹಾವಿಗೆ ಬಂದೆ. ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೋಲಿಗೆ ಸುತ್ತಿದ್ದು ಒಂದೇ ಹಾವು. ಎರಡು ಹಾವು, ಮೇಲೆ ರೆಕ್ಕೆ ಇದ್ದರೆ ಅದು ಹರ್ಮಿಸ್‌ನ ಕೋಲು. ಅವನು ಸುದ್ದಿ ಒಯ್ಯುವವನು, ವ್ಯಾಪಾರಿಗಳ ದೇವರು. 1902ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗ ಎರಡು ಹಾವಿನದನ್ನೇ ತನ್ನ ಗುರುತು ಮಾಡಿಕೊಂಡಿತು, ಗೊಂದಲ ಇನ್ನೂ ಹಬ್ಬಿತು. ನಮ್ಮ ಕಡೆಯ ಎಷ್ಟೋ ದವಾಖಾನೆ ಬೋರ್ಡುಗಳ ಮೇಲೂ ಅದೇ ಇದೆ. ಸರಿಯಾದದ್ದೇ ಇರಲಿ ಅಂತ ನಾನು ಒಂದು ಹಾವು ಬಿಡಿಸಿಟ್ಟೆ.

ಮುಂದಿನ ವಾರ ತವರಿಗೆ ಹೋಗಿದ್ದೆ. ಅರಳಿಕಟ್ಟೆಯ ಮೇಲೆ ನಾಗರಕಲ್ಲು. ಎರಡು ಹಾವು ಹೆಣೆದುಕೊಂಡು ಮೇಲೆ ಎದುರುಬದುರು ಹೆಡೆ ಎತ್ತಿವೆ. ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಹೊಟ್ಟೆಯ ಗೆರೆಗಳೆಲ್ಲ ತುಂಬಿಹೋಗಿವೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ನಿಲ್ಲಿಸಿದ ಕಲ್ಲು ಅದು. ನನ್ನ ಹತ್ತಿರ ಬರುವ ಎಷ್ಟೋ ಹೆಣ್ಣುಮಕ್ಕಳು ಇಂಥ ಕಲ್ಲಿಗೆ ಸುತ್ತು ಹಾಕಿಯೇ ಬಂದಿರುತ್ತಾರೆ. ಅವರ ಆಸೆ ನನಗೆ ಗೊತ್ತು. ಮನೆಗೆ ಬಂದವಳೇ ಎರಡನೇ ಹಾವು ಸೇರಿಸಿದೆ. ರೆಕ್ಕೆ ಬೇಡ ಅಂದುಕೊಂಡೆ.

ನಡುವೆ ಕೋಲೂ ಇಡಲಿಲ್ಲ, ಪಿನಾರ್ ಕೊಳವೆ ಇಟ್ಟೆ. ಫ್ರಾನ್ಸಿನ ಹೆರಿಗೆ ವೈದ್ಯ ಅಡಾಲ್ಫ್ ಪಿನಾರ್ 1895ರಲ್ಲಿ ಮಾಡಿದ್ದು. ಪುಟ್ಟ ತುತ್ತೂರಿಯ ಹಾಗಿರುತ್ತದೆ. ಅಗಲದ ಬಾಯಿ ಬಸುರಿಯ ಹೊಟ್ಟೆಯ ಮೇಲೆ, ಇನ್ನೊಂದು ತುದಿ ನಮ್ಮ ಕಿವಿಗೆ. ಕೈ ಬಿಟ್ಟು ಕಿವಿಯಿಂದಲೇ ಒತ್ತಿ ಹಿಡಿದು, ಉಸಿರು ಬಿಗಿಹಿಡಿದರೆ ಕೂಸಿನ ಎದೆಬಡಿತ ಕೇಳುತ್ತದೆ. ದಿಂಬಿನ ಕೆಳಗಿಟ್ಟ ಗಡಿಯಾರದ ಹಾಗೆ. ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಬಂದ ಮೇಲೂ ನನ್ನ ಮರದ ಕೊಳವೆ ಟೇಬಲ್ ಮೇಲೇ ಇದೆ. ಸುತ್ತಲಿನ ಅಂಚಿಗೆ ಇಳಕಲ್ ಸೀರೆಯ ಸೆರಗಿನ ತೆನಿ ವಿನ್ಯಾಸ.

ಚಿತ್ರವನ್ನು ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯಲ್ಲಿ ಕೆತ್ತಿದೆ. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗಾಗುತ್ತದೆ. ಅದನ್ನು ಮರೆತು ಮೊದಲ ಹಾಳೆಯಲ್ಲಿ ಹೆಸರನ್ನು ನೇರವಾಗಿಯೇ ಕೆತ್ತಿಬಿಟ್ಟೆ, ಎರಡು ರಾತ್ರಿಯ ಕೆಲಸ ಹೋಯಿತು. ಆಮೇಲೆ ಬಟರ್ ಪೇಪರ್ ಮೇಲೆ ಬರೆದು, ಮಗುಚಿ ಹಾಕಿ ಗೆರೆ ಇಳಿಸಿದೆ. ಕನ್ನಡದ ದುಂಡು ಅಕ್ಷರಕ್ಕೆ ಉಳಿಯನ್ನು ತಿರುಗಿಸಬಾರದು, ಹಾಳೆಯನ್ನೇ ತಿರುಗಿಸುತ್ತಾ ಹೋಗಬೇಕು. ಶಾಯಿ ಹಚ್ಚಿ, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿದೆ. ಒಣಗಲು ಮೂರು ದಿನ ಹಿಡಿಯಿತು. ಅಂಟಿಸಲು ತೆಳುವಾದ ಗೋಧಿ ಗಂಜಿ ಸಾಕು. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ, ಅದು ಹಳದಿಯಾಗಿ ಹಾಳೆಯನ್ನೂ ಕೆಡಿಸುತ್ತದೆ.

ಹಿರಿಯ ಡಾಕ್ಟರೊಬ್ಬರು ನೋಡಿ, "ಎರಡು ಹಾವು ತಪ್ಪಲ್ಲೇನವಾ?" ಅಂದರು. ನಾಗರಕಲ್ಲಿನ ಮಾತು ಹೇಳಿದೆ. ಅವರು ಒಪ್ಪಲಿಲ್ಲ.

ನಮ್ಮ ವಾರ್ಡಿನ ಆಯಾ ಮಾತ್ರ ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನಾಗಪ್ಪ ಅದಾನಲ್ರೀ ಬಾಯಾರ," ಅಂದಳು. ಆಮೇಲೆ ಕೊಳವೆಯ ಮೇಲೆ ಬೆರಳಿಟ್ಟು, "ಇದು ನಾ ದಿನಾ ಒರಸಿ ಇಡೂದು."