ಖಡಕ್ ರೊಟ್ಟಿ ಕಟ್ಟಿಕೊಂಡು ಸಾಗರ ದಾಟುವುದು ಹೇಗೆ?

ಬಳ್ಳಾರಿ, ಕೊಪ್ಪಳದ ಮೇಲೆ ಹಾದು ಹೋಗುವ ರೈಲು ಹತ್ತಿದರೆ ಗೋವಾದ ವಾಸ್ಕೋದಲ್ಲಿ ಇಳಿಯಬಹುದು. ಸಮುದ್ರ ನಮಗೆ ಅಷ್ಟು ಹತ್ತಿರ. ಆದರೂ ಹಾಯಿದೋಣಿಯಲ್ಲಿ ಸಾಗರ ದಾಟುವುದು ಕರಾವಳಿಯವರ ಕೆಲಸ, ನಮ್ಮದಲ್ಲ ಅಂದುಕೊಂಡಿದ್ದೇವೆ. ನಾನು ಇದನ್ನು ಒಪ್ಪುವುದಿಲ್ಲ. ಇಂಥ ಪಯಣದಲ್ಲಿ ಬಿರುಗಾಳಿ ಜೊತೆ ಗುದ್ದಾಡುವ ಹೊತ್ತು ಕಡಿಮೆ. ನೀರು ಅಳೆಯುವುದು, ಕೆಡದ ಬುತ್ತಿ ಕಟ್ಟುವುದು, ನಿದ್ದೆ ಹಂಚಿಕೊಳ್ಳುವುದು, ಇವೇ ದಿನನಿತ್ಯದ ಕೆಲಸ. ಇದರಲ್ಲಿ ಮೊದಲ ಎರಡು ಬಿಸಿಲುನಾಡಿನ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ.

ದೊಡ್ಡ ಹಡಗೇ ಬೇಕು ಅಂತಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಯ ಆರು ಮಹಿಳೆಯರು ‘ತಾರಿಣಿ’ ಎಂಬ 55 ಅಡಿಯ ದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ 2018ರ ಮೇನಲ್ಲಿ ಮರಳಿದರು. 1985ರಲ್ಲಿ ಹೊರಟು ಪ್ರಪಂಚ ಸುತ್ತಿದ ಸೇನೆಯ ‘ತೃಷ್ಣಾ’ ಇನ್ನೂ ಚಿಕ್ಕದು, 37 ಅಡಿ.

ಈಗ ಒಂದು ಪಯಣವನ್ನೇ ಹಿಡಿದು ನೋಡೋಣ. ಸುಮಾರು 40 ಅಡಿಯ ದೋಣಿ, ಮೂವರು, ಗೋವಾದಿಂದ ಮಾರಿಷಸ್‌ಗೆ. ನೇರ ದಾರಿ ಸುಮಾರು 2,300 ನಾಟಿಕಲ್ ಮೈಲಿ (ಸಮುದ್ರದ ಈ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ಗಂಟೆಗೆ 5 ಮೈಲಿಯಂತೆ ಹಗಲು ರಾತ್ರಿ ಸಾಗಿದರೆ ದಿನಕ್ಕೆ 120. ಅಂದರೆ ಸುಮಾರು 20 ದಿನ. ಆದರೆ ಭೂಮಧ್ಯರೇಖೆಯ ಬಳಿ ಗಾಳಿಯೇ ಬಿದ್ದುಹೋಗುವ ದಿನಗಳಿರುತ್ತವೆ. ಹಾಗಾಗಿ 30 ದಿನಕ್ಕೆ ತಯಾರಾಗಿ.

ಮೊದಲು ಕಲಿಕೆ

ಈಜು ಬರಲೇಬೇಕು. ಆಮೇಲೆ ಚಿಕ್ಕ ಹಾಯಿದೋಣಿ. ಆನೆಗೊಂದಿಯ ಹರಿಗೋಲಿಗೆ ಹಾಯಿ ಇಲ್ಲ, ಗಾಳಿ ಹಿಡಿಯುವುದನ್ನು ಅದರಲ್ಲಿ ಕಲಿಯಲಾಗದು. ರಾಯಚೂರಿನವರಿಗೆ ಹೈದರಾಬಾದಿನ ಹುಸೇನ್‌ಸಾಗರ ಹತ್ತಿರ, ಅಲ್ಲಿ ಹಾಯಿದೋಣಿ ಕಲಿಸುತ್ತಾರೆ. ಸಾಗರ ದಾಟುವ ಮೊದಲ ಪಯಣದಲ್ಲಿ ಅನುಭವವಿರುವ ನಾಯಕರ ಕೈಕೆಳಗೆ ಕೆಲಸಗಾರರಾಗಿ ಹೋಗಿ. ಇದರಲ್ಲಿ ರಾಜಿ ಬೇಡ.

ನೀರಿನ ಲೆಕ್ಕ

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ. ಮೂವರಿಗೆ 30 ದಿನಕ್ಕೆ 360 ಲೀಟರ್. ಅದರ ಮೇಲೆ ಅರ್ಧದಷ್ಟು ಆಪತ್ತಿಗೆ ಅಂತ ಸೇರಿಸಿದರೆ 540. ಇಷ್ಟನ್ನೂ ಒಂದೇ ಟ್ಯಾಂಕಿಗೆ ತುಂಬಬೇಡಿ. ಟ್ಯಾಂಕು ಒಡೆದರೆ, ಉಪ್ಪು ನೀರು ಬೆರೆತರೆ ಎಲ್ಲವೂ ಹೋಯಿತು. ಎರಡು ಟ್ಯಾಂಕು, ಜೊತೆಗೆ ಒಂದಷ್ಟು ಕ್ಯಾನು ಇರಲಿ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಕೊಡ, ಡ್ರಮ್ಮು, ಹಂಡೆ ಬೇರೆ ಬೇರೆ ತುಂಬಿಡುವುದಿಲ್ಲವೇ, ಹಾಗೆ.

ಬಾಯಾರಿದೆ ಅಂತ ಸಮುದ್ರದ ನೀರು ಕುಡಿಯಲೇಬಾರದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕು. ಉಪ್ಪು ತೆಗೆಯುವ ಯಂತ್ರ ಇದ್ದರೂ ಅದನ್ನು ನಂಬಿ ಲೆಕ್ಕ ಸಡಿಲಿಸಬೇಡಿ. ಮಳೆ ಬಂದಾಗ ಹಾಯಿಯಿಂದ ಇಳಿಯುವ ನೀರು ಹಿಡಿಯಿರಿ. ಆದರೆ ಮೊದಲ ಕೆಲವು ನಿಮಿಷ ಸುಮ್ನೆ ಬಿಡಿ, ಬಟ್ಟೆಗೆ ಹತ್ತಿದ ಉಪ್ಪು ತೊಳೆದುಹೋಗಲಿ.

ಬುತ್ತಿ

ಜೋಳದ ಖಡಕ್ ರೊಟ್ಟಿ ಸಮುದ್ರಕ್ಕೆ ಹೇಳಿ ಮಾಡಿಸಿದ ಊಟ. ಬೇಯಿಸಬೇಕಿಲ್ಲ, ಗ್ಯಾಸು ಬೇಡ, ಹೊಟ್ಟೆ ತೊಳಸುವಾಗಲೂ ಒಂದು ಚೂರು ಬಾಯಿಗೆ ಹಾಕಿಕೊಳ್ಳಬಹುದು. ಚೂರೂ ಪಸೆ ಇಲ್ಲದಂತೆ ಒಣಗಿಸಿ, ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ. ಒಂದೇ ದೊಡ್ಡ ಡಬ್ಬಿ ಬೇಡ. ಪದೇ ಪದೇ ತೆಗೆದರೆ ಸಮುದ್ರದ ಹಸಿ ಗಾಳಿಗೆ ಮೆತ್ತಗಾಗುತ್ತದೆ. ಮೆತ್ತಗಾದರೆ ಹಂಚಿನ ಮೇಲೆ ಬಿಸಿ ಮಾಡಿದರೆ ಸಾಕು. ಸಜ್ಜೆ ರೊಟ್ಟಿ ಬೇಗ ಕಮಟು ಹಿಡಿಯುತ್ತದೆ, ಅದನ್ನು ಮೊದಲ ವಾರವೇ ಮುಗಿಸಿ. ಶೇಂಗಾ ಪುಡಿ, ಗುರೆಳ್ಳು ಪುಡಿಯನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟಿ.

ಗಂಗಾವತಿ ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿ, ನಿಂಬೆಹಣ್ಣು ಇವು ಬಾಳುತ್ತವೆ. ಫ್ರಿಜ್ಜು ಕಾಣದ, ತೊಳೆಯದ ಮೊಟ್ಟೆಯೂ ಆಗಾಗ ತಿರುವಿಟ್ಟರೆ ವಾರಗಟ್ಟಲೆ ಇರುತ್ತದೆ. ಹಸಿ ತರಕಾರಿ ಮುಗಿದ ಮೇಲೆ ಹೆಸರುಕಾಳಿನ ಮೊಳಕೆ. ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ದಡದಲ್ಲೇ ಬಿಡಿ, ಅವುಗಳ ಸಂದಿಯಲ್ಲಿ ಜಿರಳೆ ಮೊಟ್ಟೆ ಇರಬಹುದು.

ಅಡುಗೆಗೆ ಕುಕ್ಕರ್ ಒಳ್ಳೆಯದು. ಗ್ಯಾಸು ಉಳಿಯುತ್ತದೆ, ದೋಣಿ ವಾಲಿದರೂ ಮುಚ್ಚಳ ಬಿಗಿಯಾಗಿರುವುದರಿಂದ ಬಿಸಿ ಬೇಳೆ ಮೈಮೇಲೆ ಬೀಳುವುದಿಲ್ಲ. ದೋಣಿಯ ಒಲೆ ಅಲೆಗೆ ತಕ್ಕಂತೆ ತೂಗುತ್ತದೆ. ಲೋಟ ಅರ್ಧಕ್ಕಿಂತ ಮೇಲೆ ತುಂಬಬೇಡಿ.

ಪಾಳಿ

ರಾತ್ರಿ ಲಂಗರು ಹಾಕಿ ಮಲಗಬಹುದು ಅಂದುಕೊಳ್ಳಬೇಡಿ, ನಡುಸಾಗರದ ಆಳ ಸಾವಿರಾರು ಮೀಟರ್. ದೋಣಿ ಸಾಗುತ್ತಲೇ ಇರುತ್ತದೆ. ಮೂರು ಗಂಟೆ ಎಚ್ಚರ, ಆರು ಗಂಟೆ ಬಿಡುವು. ದಿನಕ್ಕೆ ಎಂಟು ಪಾಳಿ, ಜನ ಮೂವರು. ಹಾಗಾಗಿ ನಟ್ಟನಡುರಾತ್ರಿಯ ಪಾಳಿ ತಾನಾಗಿಯೇ ಬೇರೆಯವರಿಗೆ ಹೋಗುತ್ತದೆ, ಜಗಳವಿಲ್ಲ.

ಚುಕ್ಕಾಣಿಯನ್ನು ಬಹುಪಾಲು ವಿಂಡ್‌ವೇನ್ ನೋಡಿಕೊಳ್ಳುತ್ತದೆ. ಅದು ಗಾಳಿಯ ಬಲದಿಂದಲೇ ನಡೆಯುತ್ತದೆ, ಕರೆಂಟು ಬೇಡ. ಪಾಳಿಯವರ ಕೆಲಸ ಹತ್ತು ನಿಮಿಷಕ್ಕೊಮ್ಮೆ ಸುತ್ತಲೂ ಕಣ್ಣಾಡಿಸುವುದು. ದಿಗಂತದಲ್ಲಿ ಕಂಡ ಸರಕು ಹಡಗು ಕಾಲು ಗಂಟೆಯಲ್ಲಿ ನಿಮ್ಮ ಮೇಲೆಯೇ ಬಂದಿರಬಹುದು. ಗಂಟೆಗೊಮ್ಮೆ ಜಾಗ, ದಿಕ್ಕು, ಗಾಳಿ, ವಾಯುಭಾರ ಬರೆದಿಡಿ. ರಾತ್ರಿ ಹೊರಗೆ ಕಾಲಿಡುವ ಮೊದಲು ಎದೆಗೆ ಕಟ್ಟಿಕೊಂಡ ಸುರಕ್ಷಾ ಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಿ. ಕತ್ತಲಲ್ಲಿ ನೀರಿಗೆ ಬಿದ್ದವರ ತಲೆ ಕಾಣುವುದಿಲ್ಲ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲ ಎರಡು ಮೂರು ದಿನ ವಾಂತಿ, ಸುಸ್ತು ಇರುತ್ತದೆ. ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ. ಒಳಗೆ ಕೂರದೆ ಹೊರಗೆ ಬಂದು ದಿಗಂತ ನೋಡಿ.

ಹಗಲಿನ ಕೆಲಸ

ಬೆಳಗ್ಗೆ ಒಂದು ಸುತ್ತು ಹೊಡೆಯಿರಿ. ಹಗ್ಗ ಎಲ್ಲಿ ಉಜ್ಜುತ್ತಿದೆ, ಹಾಯಿಯ ಹೊಲಿಗೆ ಎಲ್ಲಿ ಬಿಟ್ಟಿದೆ ನೋಡಿ. ದೋಣಿಯ ತಳದಲ್ಲಿ ನೀರು ಕಂಡರೆ ಬೆರಳಿಗೆ ತಾಗಿಸಿ ರುಚಿ ನೋಡಿ. ಉಪ್ಪಾಗಿದ್ದರೆ ಸಮುದ್ರ ಒಳಗೆ ಬರುತ್ತಿದೆ. ಸಪ್ಪೆಯಾಗಿದ್ದರೆ ನಿಮ್ಮ ಕುಡಿಯುವ ನೀರೇ ಸೋರುತ್ತಿರಬಹುದು.

ಸ್ನಾನ ಬಕೆಟ್‌ನ ಸಮುದ್ರ ನೀರಿನಲ್ಲಿ. ಉಪ್ಪು ನೀರಿಗೆ ಸೋಪು ನೊರೆ ಬಿಡುವುದಿಲ್ಲ, ಶಾಂಪೂ ಬಳಸಿ. ಕೊನೆಗೆ ಒಂದೇ ತಂಬಿಗೆ ಸಿಹಿ ನೀರು. ಉಪ್ಪು ಮೈಮೇಲೆ ಉಳಿದರೆ ಹುಣ್ಣಾಗುತ್ತದೆ.

ದಡ ಮುಟ್ಟುವಾಗ

ಬಂದರು ಹತ್ತಿರವಾದಂತೆ ಹಳದಿ ಬಾವುಟ ಏರಿಸಿ. ಆರೋಗ್ಯ, ಕಸ್ಟಮ್ಸ್ ತಪಾಸಣೆ ಮುಗಿಯುವವರೆಗೆ ಅದನ್ನು ಇಳಿಸಬೇಡಿ, ಯಾರೂ ದಡಕ್ಕೆ ಇಳಿಯಬೇಡಿ. ಉಳಿದ ತರಕಾರಿ, ಮೊಳಕೆ ಕಾಳನ್ನು ಅಧಿಕಾರಿಗಳು ತೆಗೆದುಕೊಂಡು ಹೋಗಬಹುದು. ಹಾಗಾಗಿ ಕೊನೆಯ ಎರಡು ದಿನ ಅವನ್ನೇ ತಿಂದು ಮುಗಿಸಿ.